ಸ್ಟುಟ್‌ಗಾರ್ಟ್ ಕಾರ್ಖಾನೆಗೆ ಹೊರಟ ಮ್ಯಾನೇಜರ್ ಮೊದಲು ಯಾರ ಬಾಗಿಲು ತಟ್ಟಬೇಕು?

ಪ್ರಶ್ನೆ: ಪೀಣ್ಯದಲ್ಲಿ ಯಂತ್ರಗಳ ಬಿಡಿಭಾಗ ತಯಾರಿಸುವ ನಮ್ಮ ಕಂಪನಿ ಕಳೆದ ವರ್ಷ ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ 68 ಜನ ಕೆಲಸ ಮಾಡುವ ಒಂದು ಕಾರ್ಖಾನೆಯ ಷೇರುಗಳನ್ನೆಲ್ಲ ಕೊಂಡಿದೆ. ಇಲ್ಲಿ 16 ವರ್ಷ ಪ್ರೊಡಕ್ಷನ್ ನೋಡಿಕೊಂಡ ನನ್ನನ್ನು ಮೂರು ವರ್ಷದ ಮಟ್ಟಿಗೆ ಅಲ್ಲಿಗೆ ಮುಖ್ಯಸ್ಥನಾಗಿ ಕಳಿಸುತ್ತಿದ್ದಾರೆ. ಎರಡು ದಿನದ ತರಬೇತಿಯಲ್ಲಿ ಸಮಯಪಾಲನೆ, ಕೈಕುಲುಕುವ ರೀತಿ, ಊಟದ ಶಿಷ್ಟಾಚಾರ ಹೇಳಿಕೊಟ್ಟರು. ಜರ್ಮನ್ ಎ2 ಹಂತ ಮುಗಿಸಿದ್ದೇನೆ. ಕೆಲಸ ಮಾಡಿಸುವ ವಿಷಯದಲ್ಲಿ ನಾನು ನಿಜಕ್ಕೂ ಏನು ಬದಲಿಸಿಕೊಳ್ಳಬೇಕು? ಹೋದವರು ಮೊದಲ ತಿಂಗಳುಗಳಲ್ಲಿ ಎಲ್ಲಿ ಎಡವುತ್ತಾರೆ?

ಉತ್ತರ: ಊಟದ ಮೇಜಿನಲ್ಲಿ ತಪ್ಪಿದರೆ ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಎಡವುವ ಜಾಗ ಬೇರೆಯೇ ಇದೆ. ಪೀಣ್ಯದಲ್ಲಿ ನಿಮ್ಮೊಬ್ಬರ ಸಹಿಯಿಂದ ನಡೆದುಹೋಗುತ್ತಿದ್ದ ಎಷ್ಟೋ ಕೆಲಸಕ್ಕೆ ಅಲ್ಲಿ ಇನ್ನೊಬ್ಬರ ಒಪ್ಪಿಗೆ ಕಾನೂನಿನ ಪ್ರಕಾರವೇ ಬೇಕು. ಶುಕ್ರವಾರ ಮಧ್ಯಾಹ್ನ ನೋಟಿಸ್ ಬೋರ್ಡಿನಲ್ಲಿ "ಈ ಭಾನುವಾರ ಓ.ಟಿ. ಇದೆ" ಎಂದು ಅಂಟಿಸುವುದು ಇಲ್ಲಿ ಮಾಮೂಲು. ಅಲ್ಲಿ ಆ ಒಂದು ಕಾಗದದಲ್ಲಿ ಎರಡು ಉಲ್ಲಂಘನೆಗಳಿರುತ್ತವೆ. ಓ.ಟಿ.ಗೆ ನೌಕರರ ಮಂಡಳಿ ಒಪ್ಪಿರಬೇಕು. ಭಾನುವಾರದ ಕೆಲಸಕ್ಕಾದರೆ ಕಾನೂನಿನ ವಿನಾಯಿತಿಯೋ ಸರ್ಕಾರಿ ಅನುಮತಿಯೋ ಇರಬೇಕು.

ಆ ಮಂಡಳಿಯ ಹೆಸರು ಬೆಟ್ರೀಬ್ಸ್‌ರಾಟ್. ಕನಿಷ್ಠ ಐದು ಮಂದಿ ಖಾಯಂ ನೌಕರರಿರುವ ಯಾವ ಘಟಕದಲ್ಲಾದರೂ ನೌಕರರು ತಮ್ಮೊಳಗಿನಿಂದಲೇ ಇದನ್ನು ಚುನಾಯಿಸಿಕೊಳ್ಳಬಹುದು. 51ರಿಂದ 100 ಮತದಾರರಿದ್ದರೆ ಐದು ಸದಸ್ಯರು, ಅಂದರೆ ನಿಮ್ಮಲ್ಲಿ ಐವರು. ಚುನಾವಣೆ ನಾಲ್ಕು ವರ್ಷಕ್ಕೊಮ್ಮೆ, 2018, 2022, 2026 ಹೀಗೆ, ಮಾರ್ಚ್ 1ರಿಂದ ಮೇ 31ರ ನಡುವೆ. ಇದನ್ನು ನಮ್ಮ ಯೂನಿಯನ್ ಎಂದುಕೊಂಡರೆ ಮೊದಲ ಹೆಜ್ಜೆಯಲ್ಲೇ ಲೆಕ್ಕ ತಪ್ಪುತ್ತದೆ. ಅಲ್ಲಿ ಯೂನಿಯನ್ ಬೇರೆ ಇದೆ. ನಿಮ್ಮ ಉದ್ಯಮಕ್ಕೆ ಅದು ಐಜಿ ಮೆಟಾಲ್. ಅದು ಇಡೀ ಪ್ರದೇಶದ ಮಟ್ಟದಲ್ಲಿ ಮಾಲೀಕರ ಸಂಘದ ಜೊತೆ ಸಂಬಳದ ಮಾತುಕತೆ ನಡೆಸುತ್ತದೆ, ಮುಷ್ಕರಕ್ಕೂ ಕರೆ ಕೊಡುತ್ತದೆ. ಬೆಟ್ರೀಬ್ಸ್‌ರಾಟ್ ಕೆಲಸ ಗೇಟಿನ ಒಳಗೆ. ಅದಕ್ಕೆ ಮುಷ್ಕರ ಹೂಡುವ ಹಕ್ಕಿಲ್ಲ. ಅದರ ಬದಲಿಗೆ 1972ರ ಕಾನೂನು ಅದಕ್ಕೆ "ನಮ್ಮನ್ನು ಕೇಳದೆ ಮಾಡುವಂತಿಲ್ಲ" ಎನ್ನುವ ಅಧಿಕಾರ ಕೊಟ್ಟಿದೆ. ಮಂಡಳಿಯ ಖರ್ಚು ಕಂಪನಿಯದೇ. ಅದರ ಚುನಾವಣೆಗೆ ಅಥವಾ ಕೆಲಸಕ್ಕೆ ಬೇಕೆಂದೇ ಅಡ್ಡಿಪಡಿಸಿದರೆ ಒಂದು ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದಾದ ಅಪರಾಧ.

ಯಾವುದಕ್ಕೆ ಕೇಳಬೇಕು ಎನ್ನುವುದನ್ನು ಬಾಯಿಪಾಠ ಮಾಡಿಕೊಂಡೇ ವಿಮಾನ ಹತ್ತಿ. ಕೆಲಸ ಶುರುವಾಗುವ ಮತ್ತು ಮುಗಿಯುವ ಹೊತ್ತು, ಪಾಳಿ, ಓ.ಟಿ., ರಜೆ ಹಂಚುವ ಕ್ರಮ, ಬೋನಸ್ ಲೆಕ್ಕ ಹಾಕುವ ತತ್ವ, ಶಾಪ್‌ಫ್ಲೋರ್‌ನ ನಡವಳಿಕೆಯ ನಿಯಮಗಳು, ನೌಕರರ ನಡವಳಿಕೆ ಅಥವಾ ಕೆಲಸದ ವೇಗವನ್ನು ಅಳೆಯಬಲ್ಲ ಯಾವುದೇ ತಾಂತ್ರಿಕ ಸಾಧನ: ಇವೆಲ್ಲದರಲ್ಲಿ ಮಂಡಳಿಗೆ ಸಮಪಾಲಿನ ಮಾತಿದೆ. ಒಪ್ಪಂದವಾಗದಿದ್ದರೆ ವಿಷಯ ಐನಿಗುಂಗ್ಸ್‌ಸ್ಟೆಲ್ಲೆ ಎಂಬ ರಾಜಿ ಸಮಿತಿಗೆ ಹೋಗುತ್ತದೆ. ಎರಡೂ ಕಡೆಯಿಂದ ಸಮಾನ ಸಂಖ್ಯೆಯ ಸದಸ್ಯರು, ಮಧ್ಯದಲ್ಲಿ ತಟಸ್ಥ ಅಧ್ಯಕ್ಷರು, ಅವರ ತೀರ್ಮಾನಕ್ಕೆ ಎಲ್ಲರೂ ಬದ್ಧ, ಖರ್ಚು ಮಾತ್ರ ಪೂರಾ ಕಂಪನಿಯದು. ಹೊಸಬರನ್ನು ಸೇರಿಸಿಕೊಳ್ಳುವಾಗ, ಒಬ್ಬರನ್ನು ಬೇರೆ ವಿಭಾಗಕ್ಕೆ ಹಾಕುವಾಗ, 20ಕ್ಕಿಂತ ಹೆಚ್ಚು ಮತದಾರ ನೌಕರರಿರುವ ಕಂಪನಿಯಲ್ಲಿ ಮಂಡಳಿಗೆ ಮೊದಲೇ ಕಾಗದ ಕೊಡಬೇಕು. ಆಕ್ಷೇಪಣೆಗೆ ಅವರಿಗೆ ಒಂದು ವಾರ ಇರುತ್ತದೆ, ಸುಮ್ಮನಿದ್ದರೆ ಒಪ್ಪಿದಂತೆ.

ಇದನ್ನು ಲಘುವಾಗಿ ತೆಗೆದುಕೊಂಡ ದೊಡ್ಡವರ ಗತಿ ಏನಾಯಿತು ಎನ್ನುವುದಕ್ಕೆ ಅಮೆರಿಕದ ಚಿಲ್ಲರೆ ಅಂಗಡಿಗಳ ಸಂಸ್ಥೆ ವಾಲ್‌ಮಾರ್ಟ್ ಇದೆ. 1997ರಲ್ಲಿ ವೆರ್ಟ್‌ಕಾಫ್‌ನ 21 ಮಳಿಗೆ, ಮರುವರ್ಷ ಇಂಟರ್‌ಸ್ಪಾರ್‌ನ 74 ಮಳಿಗೆ ಕೊಂಡು ಜರ್ಮನಿಗೆ ಕಾಲಿಟ್ಟಿತು. ಆರಂಭದ ಮುಖ್ಯಸ್ಥರಿಗೆ ಜರ್ಮನ್ ಬರುತ್ತಿರಲಿಲ್ಲ, ಆಡಳಿತದ ಭಾಷೆಯನ್ನು ಇಂಗ್ಲಿಷ್ ಮಾಡಿದರು. 2005ರಲ್ಲಿ ಅಮೆರಿಕದ ನೀತಿಸಂಹಿತೆಯನ್ನು ಅಲ್ಲೂ ಜಾರಿ ಮಾಡಲು ಹೊರಟಾಗ ಮಂಡಳಿ ನ್ಯಾಯಾಲಯಕ್ಕೆ ಹೋಯಿತು. ಸಹೋದ್ಯೋಗಿಗಳ ಮೇಲೆ ದೂರು ಕೊಡುವ ಫೋನ್ ವ್ಯವಸ್ಥೆಯನ್ನೂ ಮಂಡಳಿಯ ಒಪ್ಪಿಗೆಯಿಲ್ಲದೆ ತರುವಂತಿಲ್ಲ ಎಂದು ತೀರ್ಪಾಯಿತು. 2006ರಲ್ಲಿ 85 ಮಳಿಗೆಗಳನ್ನು ಜರ್ಮನಿಯದೇ ವ್ಯಾಪಾರ ಸಂಸ್ಥೆಯಾದ ಮೆಟ್ರೋಗೆ ಮಾರಿ ಹೊರನಡೆಯಿತು. ಬೆಲೆಯ ಪೈಪೋಟಿಯೂ ಅದನ್ನು ಸೋಲಿಸಿತು, ಮಂಡಳಿಯೊಂದೇ ಕಾರಣವಲ್ಲ. ಆದರೆ "ನಮ್ಮೂರಲ್ಲಿ ನಡೆಯುತ್ತೆ, ಇಲ್ಲೂ ನಡೆಯುತ್ತೆ" ಎಂಬ ನಂಬಿಕೆ ಎಷ್ಟು ದುಬಾರಿಯಾಗಬಹುದು ಎಂಬುದು ಅಲ್ಲಿ ಚೆನ್ನಾಗಿ ಕಾಣುತ್ತದೆ.

ನಿಮ್ಮಂಥ ಸಣ್ಣ ಘಟಕದಲ್ಲಿ ಇದೇ ತಪ್ಪು ಸಾಫ್ಟ್‌ವೇರ್ ರೂಪದಲ್ಲಿ ಬರುತ್ತದೆ. ಬೆಂಗಳೂರಿನ ಐಟಿ ವಿಭಾಗ ಹೊಸ ಇಆರ್‌ಪಿಯನ್ನೋ (ಇಡೀ ಕಂಪನಿಯ ಲೆಕ್ಕ ಒಂದೆಡೆ ನೋಡುವ ಸಾಫ್ಟ್‌ವೇರ್) ಹಾಜರಾತಿ ಆ್ಯಪನ್ನೋ ಎಲ್ಲ ಘಟಕಗಳಲ್ಲೂ ಒಂದೇ ದಿನ ಚಾಲೂ ಮಾಡುತ್ತದೆ. ಯಾವ ಆಪರೇಟರ್ ಯಾವ ಯಂತ್ರದಲ್ಲಿ ಗಂಟೆಗೆ ಎಷ್ಟು ಪೀಸ್ ತೆಗೆದ ಎಂಬುದು ಅದರಲ್ಲಿ ಕಾಣುತ್ತದೆ. ನಿಮಗೆ ಕಣ್ಗಾವಲಿನ ಉದ್ದೇಶವೇ ಇಲ್ಲದಿರಬಹುದು. ಅಲ್ಲಿನ ಕಾರ್ಮಿಕ ನ್ಯಾಯಾಲಯಗಳು ಉದ್ದೇಶ ಕೇಳುವುದಿಲ್ಲ. ಅಳೆಯಲು ಸಾಧ್ಯವಿದ್ದರೆ ಸಾಕು, ಮಂಡಳಿಯನ್ನು ಕೇಳಲೇಬೇಕು. ಹಾಜರಿ ಬರೆಯುವ ಎಕ್ಸೆಲ್ ಹಾಳೆಗೂ ಇದು ಅನ್ವಯಿಸುತ್ತದೆ ಎಂದು 2018ರಲ್ಲಿ ಕಾರ್ಮಿಕ ವಿವಾದಗಳಿಗೆ ದೇಶದ ಅತ್ಯುನ್ನತವಾದ ಒಕ್ಕೂಟ ಕಾರ್ಮಿಕ ನ್ಯಾಯಾಲಯವೇ ಹೇಳಿದೆ. ಕೇಳದೆ ಚಾಲೂ ಮಾಡಿದರೆ ಮಂಡಳಿ ತಡೆ ಕೋರಿ ನ್ಯಾಯಾಲಯಕ್ಕೆ ಹೋಗಬಹುದು. ಆಗ ಒಂದು ಘಟಕಕ್ಕಾಗಿ ಇಡೀ ವ್ಯವಸ್ಥೆಯನ್ನು ಬಿಚ್ಚಿ ಕಟ್ಟುವ ಕೆಲಸ ನಿಮ್ಮ ತಲೆಗೇ ಬೀಳುತ್ತದೆ.

ಸರಿಯಾದ ದಾರಿ ದೀರ್ಘವಾದರೂ ಕಷ್ಟದ್ದಲ್ಲ. ಖರೀದಿಯ ಆರ್ಡರ್ ಕೊಡುವ ಮೊದಲೇ ಮಂಡಳಿಗೆ ನಾಲ್ಕೈದು ಪುಟದ ವಿವರ ಕೊಡಿ: ಯಾವ ಮಾಹಿತಿ ದಾಖಲಾಗುತ್ತದೆ, ಅದನ್ನು ಯಾರು ಯಾರು ನೋಡಬಹುದು, ಬೆಂಗಳೂರಿನಿಂದ ಯಾರಿಗೆ ಕಾಣುತ್ತದೆ, ಎಷ್ಟು ದಿನ ಇಟ್ಟುಕೊಳ್ಳುತ್ತೀರಿ, ಯಾವ ಯಾವ ರಿಪೋರ್ಟ್ ತೆಗೆಯುತ್ತೀರಿ. ತೆಗೆಯದೆ ಇರುವ ರಿಪೋರ್ಟ್‌ಗಳ ಪಟ್ಟಿ ಇದಕ್ಕಿಂತ ಮುಖ್ಯ. "ವ್ಯಕ್ತಿವಾರು ಪೀಸ್ ಲೆಕ್ಕ ತೆಗೆಯುವುದಿಲ್ಲ, ಯಂತ್ರವಾರು ಮಾತ್ರ" ಎಂಬ ಒಂದು ಸಾಲು ಎರಡು ತಿಂಗಳ ಜಗ್ಗಾಟ ಉಳಿಸುತ್ತದೆ. ಆಮೇಲೆ ಹತ್ತು ಜನರ ಮೇಲೆ ಪ್ರಯೋಗ, ತಿದ್ದುಪಡಿ, ಕೊನೆಗೆ ಬೆಟ್ರೀಬ್ಸ್‌ಫೆರೈನ್‌ಬಾರುಂಗ್ ಎಂಬ ಲಿಖಿತ ಒಪ್ಪಂದ. ಇದಕ್ಕೆಲ್ಲ ಮೂರರಿಂದ ಆರು ತಿಂಗಳು ಇಟ್ಟುಕೊಳ್ಳಿ. ಒಮ್ಮೆ ಸಹಿ ಬಿದ್ದ ಮೇಲೆ ಕೆಲಸ ಎಷ್ಟು ಸರಾಗವಾಗಿ ಹರಿಯುತ್ತದೆಂದರೆ, ಇಲ್ಲಿ ಚಾಲೂ ಮಾಡಿದ ನಂತರ ಆರು ತಿಂಗಳು ನಡೆಯುವ ಗೊಣಗಾಟ ಅಲ್ಲಿ ಇರುವುದಿಲ್ಲ. ಅಲ್ಲಿ ಜಗಳ ಮೊದಲೇ ಮುಗಿದಿರುತ್ತದೆ.

ಆದ್ದರಿಂದ ಶೀರ್ಷಿಕೆಯ ಪ್ರಶ್ನೆಗೆ ಉತ್ತರ: ಮೊದಲ ವಾರವೇ, ಗ್ರಾಹಕರ ಭೇಟಿಗೂ ಮುಂಚೆ, ಮಂಡಳಿಯ ಅಧ್ಯಕ್ಷರ ಬಾಗಿಲು. ಅವರನ್ನು ನಿಮ್ಮ ಕೋಣೆಗೆ ಕರೆಸಬೇಡಿ, ನೀವೇ ಹೋಗಿ. ಮಾಡುವ ಭರವಸೆಗಳನ್ನು ಪಟ್ಟಿ ಮಾಡಬೇಡಿ. ಎರಡು ಸಂಗತಿ ಕೇಳಿ ಸಾಕು: ಜಾರಿಯಲ್ಲಿರುವ ಎಲ್ಲ ಒಪ್ಪಂದಗಳ ಫೈಲ್, ಮತ್ತು ಹಳೆಯ ಮಾಲೀಕರ ಕಾಲದಿಂದ ಅರ್ಧಕ್ಕೆ ನಿಂತಿರುವ ವಿಷಯಗಳು. ನಿಮ್ಮ ಕಂಪನಿ ಕೊಂಡಿರುವುದು ಷೇರುಗಳನ್ನಾದ್ದರಿಂದ ನೌಕರರ ಪಾಲಿಗೆ ಮಾಲೀಕ ಸಂಸ್ಥೆ ಬದಲಾಗಿಲ್ಲ. ಹಳೆಯ ಒಪ್ಪಂದಗಳೆಲ್ಲ ಹಾಗೇ ಜೀವಂತ. ಸಂಬಳದ ಸಾಮೂಹಿಕ ಒಪ್ಪಂದಕ್ಕೆ ಕಾರ್ಖಾನೆ ಸೇರಿದೆಯೇ ಎಂಬುದನ್ನೂ ಅಂದೇ ತಿಳಿದುಕೊಳ್ಳಿ. ಸೇರಿದ್ದರೆ ವಾರಕ್ಕೆ 35 ಗಂಟೆ, ವರ್ಷಕ್ಕೆ 30 ದಿನ ರಜೆ ಎಂಬ ಲೆಕ್ಕದ ಮೇಲೆ ನಿಮ್ಮ ಉತ್ಪಾದನಾ ಯೋಜನೆ ನಿಲ್ಲಬೇಕು. ಪೀಣ್ಯದ 48 ಗಂಟೆಯ ಹಾಳೆಯನ್ನು ತೆಗೆದುಕೊಂಡು ಹೋದರೆ ಅಲ್ಲಿಯೇ ಕಾಲುಭಾಗಕ್ಕಿಂತ ಹೆಚ್ಚು ಸಾಮರ್ಥ್ಯ ಕಾಣೆಯಾಗುತ್ತದೆ. ಕಾನೂನು ಮಂಡಳಿಯ ಜೊತೆ ತಿಂಗಳಿಗೊಂದು ಮಾತುಕತೆ ಇರಲಿ ಎನ್ನುತ್ತದೆ. ಆ ದಿನಾಂಕಗಳನ್ನು ವರ್ಷವಿಡೀ ಕ್ಯಾಲೆಂಡರ್‌ನಲ್ಲಿ ಹಾಕಿಬಿಡಿ, ವಿಷಯ ಇಲ್ಲದ ತಿಂಗಳೂ ತಪ್ಪಿಸಬೇಡಿ. ಈ ಸಭೆಗಳಿಗೆ ದುಭಾಷಿಯನ್ನು ಹಣ ಕೊಟ್ಟು ಕರೆಸಿ. ಇಂಗ್ಲಿಷ್ ಚೆನ್ನಾಗಿ ಬರುವ ಯುವಕನೊಬ್ಬನನ್ನು ಎಲ್ಲಕ್ಕೂ ಮಧ್ಯವರ್ತಿಯಾಗಿ ಬಳಸುವುದು ಸುಲಭವೆನಿಸುತ್ತದೆ, ಆದರೆ ಆರು ತಿಂಗಳಲ್ಲಿ ಅವನು ನಿಮ್ಮ ಕಿವಿ ಆಗಿಬಿಡುತ್ತಾನೆ, ಹಳಬರು ಅವನನ್ನೂ ನಿಮ್ಮನ್ನೂ ದೂರವಿಡುತ್ತಾರೆ.

ಎರಡನೆಯ ಬಾಗಿಲು ಮೈಸ್ಟರ್‌ನದು. ನಮ್ಮವರು ಇವರನ್ನು ಸೂಪರ್‌ವೈಸರ್ ಎಂದು ಅನುವಾದಿಸಿಕೊಂಡು ಕೆಡುತ್ತಾರೆ. ಮೂರೂವರೆ ವರ್ಷದ ವೃತ್ತಿ ತರಬೇತಿ, ಆಮೇಲೆ ಕೆಲಸದ ಅನುಭವ, ಅದರ ಮೇಲೆ ಪ್ರತ್ಯೇಕ ಪರೀಕ್ಷೆ ಪಾಸಾದವರಿಗೆ ಆ ಪದವಿ ಸಿಗುತ್ತದೆ. ಶಾಪ್‌ಫ್ಲೋರ್‌ನಲ್ಲಿ ನಿಮ್ಮ ಬಿ.ಇ., ಎಂ.ಟೆಕ್.ಗಿಂತ ಮೈಸ್ಟರ್ ಮಾತಿಗೆ ತೂಕ. ಆಪರೇಟರ್‌ನಿಗೆ ನೇರವಾಗಿ ನೀವು ಸೂಚನೆ ಕೊಟ್ಟರೆ ಅವನು ಮೈಸ್ಟರ್ ಕಡೆ ನೋಡುತ್ತಾನೆ. ಅದು ಅವಿಧೇಯತೆಯಲ್ಲ, ಅಲ್ಲಿನ ಕ್ರಮ. ಮೈಸ್ಟರ್ ಒಂದು ಯೋಜನೆಯನ್ನು ನೋಡಿ "ಗೇಟ್ ನಿಷ್ಟ್", ಆಗುವುದಿಲ್ಲ, ಎಂದರೆ ಸೊಕ್ಕು ಎಂದು ತಿಳಿಯಬೇಡಿ. "ಯಾವುದು ಆಗುವುದಿಲ್ಲ, ಏನಿದ್ದರೆ ಆಗುತ್ತದೆ?" ಎಂದು ಕೇಳಿ. ಬಹಳ ಸಲ ಉತ್ತರ ಖಚಿತವಾಗಿರುತ್ತದೆ: ಈ ಟಾಲರೆನ್ಸ್‌ಗೆ ಈ ಫಿಕ್ಸ್‌ಚರ್ ಸಾಲದು, ಹೊಸದಕ್ಕೆ ಆರು ವಾರ.

ಇಲ್ಲಿಯೇ ನಮ್ಮ ಕಿವಿಯ ತರಬೇತಿ ಕೈಕೊಡುವುದು. ನಾವು "ಆಯ್ತು ಸಾರ್", "ನೋಡೋಣ ಸಾರ್", "ಟ್ರೈ ಮಾಡ್ತೀನಿ ಸಾರ್" ಎನ್ನುವ ಮಾತುಗಳ ಒಳಗಿನ ಇಲ್ಲವನ್ನು ದನಿಯಿಂದಲೇ ಹಿಡಿಯಬಲ್ಲೆವು. ಅಲ್ಲಿ ಇಲ್ಲ ಎನ್ನುವುದು ಇಲ್ಲ ಎಂದೇ ಬರುತ್ತದೆ, ಎಲ್ಲರೆದುರು ಬರುತ್ತದೆ, ನಿಮ್ಮ ಸ್ಥಾನಕ್ಕೆ ಅದರಿಂದ ಕುಂದಿಲ್ಲ. ಕಷ್ಟ ಇನ್ನೊಂದು ದಿಕ್ಕಿನಲ್ಲೂ ಇದೆ. ನೀವು ಸೌಜನ್ಯಕ್ಕೆ "ನೋಡೋಣ" ಎಂದದ್ದನ್ನು ಅವರು ನೀವು ನಿಜವಾಗಿ ನೋಡುತ್ತೀರಿ ಎಂದು ಬರೆದುಕೊಳ್ಳುತ್ತಾರೆ. ಸಭೆಯ ಟಿಪ್ಪಣಿಯಲ್ಲಿ ನಿಮ್ಮ ಹೆಸರಿನ ಮುಂದೆ ದಿನಾಂಕ ಬೀಳುತ್ತದೆ. ಎರಡು ಸಲ ಆ ದಿನಾಂಕ ಸುಮ್ಮನೆ ದಾಟಿದರೆ ನಿಮ್ಮ ಮಾತಿನ ಬೆಲೆ ಇಳಿಯುತ್ತದೆ. ಆಗುವುದಿಲ್ಲವಾದರೆ ಅಲ್ಲೇ ಹೇಳಿ, ಕಾರಣ ಒಂದು ವಾಕ್ಯದಲ್ಲಿ ಸಾಕು.

ಹೊಗಳಿಕೆಯನ್ನು ನಿರೀಕ್ಷಿಸಬೇಡಿ. "ನೆಡ್ ಗ್‌ಶಿಂಪ್ಫ್ಟ್ ಇಷ್ ಗ್‌ನುಗ್ ಗ್‌ಲೋಬ್ಟ್" ಎಂದು ಸ್ಟುಟ್‌ಗಾರ್ಟ್ ಇರುವ ಸ್ವಾಬಿಯಾ ಸೀಮೆಯವರ ಗಾದೆ: ಬೈಯಲಿಲ್ಲ ಅಂದರೆ ಹೊಗಳಿದ ಹಾಗೇ. ನೀವು ಕಲಿತ ಶಿಷ್ಟ ಜರ್ಮನ್‌ಗೂ ಈ ಮಾತಿಗೂ ಇರುವ ದೂರ ನೋಡಿದಿರಲ್ಲ? ಧಾರವಾಡದ ಮಾತು ಕೇಳಿ ಕಣ್ಣುಕಣ್ಣು ಬಿಡುವ ಹಳೇ ಮೈಸೂರಿನವರ ಸ್ಥಿತಿ ನಿಮ್ಮದಾಗುತ್ತದೆ. ಹೆದರಬೇಕಿಲ್ಲ, ನಿಧಾನಕ್ಕೆ ಹೇಳಿ ಎಂದು ಕೇಳಿದರೆ ಹೇಳುತ್ತಾರೆ. ಎ2 ಹಂತ ಅಂಗಡಿಗೆ ಸಾಕು, ಸಭೆಗೆ ಸಾಲದು. ಮೊದಲ ವರ್ಷದೊಳಗೆ ಬಿ1 ಮುಗಿಸಿ.

ಭಾಷೆಯ ಒಂದು ವಿಷಯದಲ್ಲಿ ಮಾತ್ರ ಕನ್ನಡಿಗರಿಗೆ ಇಂಗ್ಲಿಷರಿಗಿಲ್ಲದ ಅನುಕೂಲವಿದೆ. ಜರ್ಮನ್‌ನಲ್ಲೂ ನೀನು, ನೀವು ಬೇರೆ ಬೇರೆ: ಡು, ಝೀ. ಬೆಂಗಳೂರಿನ ಆಫೀಸಿನಲ್ಲಿ ಇಂಗ್ಲಿಷ್ ಭಾಷೆ ಎಲ್ಲರನ್ನೂ ಹೆಸರು ಹಿಡಿದು ಕರೆಯುವುದನ್ನು ರೂಢಿ ಮಾಡಿದೆ; ಅದನ್ನು ಅಲ್ಲಿಗೆ ಒಯ್ಯಬೇಡಿ. ಝೀ ಮತ್ತು ಹೆರ್ ಅಥವಾ ಫ್ರಾವ್ ಸೇರಿಸಿದ ಮನೆತನದ ಹೆಸರು, ಇದರಿಂದ ಶುರು ಮಾಡಿ. ಏಕವಚನಕ್ಕೆ ಆಹ್ವಾನ ಕೊಡುವುದು ಹಿರಿಯರು ಅಥವಾ ಮೇಲಿನ ಸ್ಥಾನದವರು. ನೀವು ಮೇಲಿನವರೆಂದು 58 ವರ್ಷದ ಮೈಸ್ಟರ್‌ಗೆ ಮೊದಲ ವಾರವೇ ಡು ಎಂದರೆ ಹೇಗೆ ಕೇಳುತ್ತದೆ ಎಂಬುದನ್ನು ನಿಮಗೆ ವಿವರಿಸಬೇಕಿಲ್ಲ. ಒಬ್ಬಿಬ್ಬರಿಗೆ ಮಾತ್ರ ಡು ಎಂದು ಉಳಿದವರಿಗೆ ಝೀ ಎಂದರೆ ಬಣ ಕಟ್ಟಿದಂತಾಗುತ್ತದೆ. ಅವರವರು ಒಬ್ಬರಿಗೊಬ್ಬರು ಏನನ್ನುತ್ತಾರೆಂದು ಒಂದು ತಿಂಗಳು ಕೇಳಿಸಿಕೊಳ್ಳಿ.

ಇನ್ನು ಹೊತ್ತಿನ ವಿಷಯ. ಕಾನೂನಿನ ಮಿತಿ ದಿನಕ್ಕೆ 8 ಗಂಟೆ. ಆರು ತಿಂಗಳ ಸರಾಸರಿ 8ಕ್ಕೆ ಇಳಿಯುವುದಾದರೆ 10ರವರೆಗೆ ಹೋಗಬಹುದು. ಎರಡು ದಿನಗಳ ಕೆಲಸದ ನಡುವೆ 11 ಗಂಟೆ ಸತತ ವಿಶ್ರಾಂತಿ ಕೊಡಲೇಬೇಕು. ರಾತ್ರಿ 9ಕ್ಕೆ ನೀವು ಪ್ಲಾನಿಂಗ್ ವಿಭಾಗದವರನ್ನು ಅರ್ಧ ಗಂಟೆ ಕಾಲ್‌ಗೆ ಕೂರಿಸಿದರೆ ಅವರು ಮರುದಿನ ಬೆಳಿಗ್ಗೆ 8:30ರವರೆಗೆ ಕೆಲಸ ಶುರು ಮಾಡುವಂತಿಲ್ಲ. ಕೆಲಸದ ಹೊತ್ತನ್ನು ದಾಖಲಿಸುವುದು ಮಾಲೀಕರ ಹೊಣೆ ಎಂದು 2022ರ ಸೆಪ್ಟೆಂಬರ್‌ನಲ್ಲಿ ಒಕ್ಕೂಟ ಕಾರ್ಮಿಕ ನ್ಯಾಯಾಲಯ ಸ್ಪಷ್ಟಪಡಿಸಿದ ಮೇಲೆ ಇಂಥ ಕಾಲ್‌ಗಳು ಲೆಕ್ಕದಿಂದ ಹೊರಗೆ ಉಳಿಯುವುದಿಲ್ಲ. ಬೆಂಗಳೂರಿನ ಜೊತೆ ಮಾತಾಡಲು ಒಳ್ಳೆಯ ಹೊತ್ತು ಅಲ್ಲಿನ ಬೆಳಿಗ್ಗೆ 8ರಿಂದ ಮಧ್ಯಾಹ್ನ 1. ಚಳಿಗಾಲದಲ್ಲಿ ಅದು ನಮ್ಮ ಮಧ್ಯಾಹ್ನ 12:30ರಿಂದ 5:30, ಬೇಸಿಗೆಯಲ್ಲಿ 11:30ರಿಂದ 4:30. ಬೆಂಗಳೂರಿನವರು ಇದಕ್ಕೆ ಹೊಂದಿಕೊಳ್ಳಲಿ.

ರಜೆಯನ್ನು ಜನ ವರ್ಷದ ಮೊದಲಿಗೇ ಬರೆದುಕೊಡುತ್ತಾರೆ, ಒಪ್ಪಿದ ರಜೆಯನ್ನು ಆಮೇಲೆ ಕಿತ್ತುಕೊಳ್ಳುವಂತಿಲ್ಲ. ಆಗಸ್ಟ್‌ನಲ್ಲಿ ಶಾಲೆಗೆ ರಜೆ, ಕ್ರಿಸ್‌ಮಸ್‌ನಿಂದ ಹೊಸವರ್ಷದವರೆಗೆ ಎಷ್ಟೋ ಕಾರ್ಖಾನೆಗಳು ಮುಚ್ಚಿರುತ್ತವೆ. ಮಾರ್ಚ್ ಕೊನೆಗೆ ನಮ್ಮ ಹಣಕಾಸು ವರ್ಷದ ನೂಕುನುಗ್ಗಲು, ಅದೇ ಹೊತ್ತಿಗೆ ಈಸ್ಟರ್ ಬಂದರೆ ಅಲ್ಲಿ ನಾಲ್ಕು ದಿನ ಸದ್ದಿಲ್ಲ. ಈ ಮೂರನ್ನು ಡೆಲಿವರಿ ಯೋಜನೆಯಲ್ಲಿ ಜನವರಿಯಲ್ಲೇ ಗುರುತು ಹಾಕಿ. ಕಾಯಿಲೆಗೆ ಬಿದ್ದವರಿಗೆ ಆರು ವಾರ ಪೂರ್ತಿ ಸಂಬಳ ಇರುತ್ತದೆ. ಏನು ಕಾಯಿಲೆ ಎಂದು ಕೇಳಬೇಡಿ. ಕಾಳಜಿಯಿಂದ ಕೇಳಿದರೂ ಅದು ತನಿಖೆ ಎನಿಸುತ್ತದೆ. "ಬೇಗ ಗುಣವಾಗಲಿ" ಎಂದರೆ ಆಯಿತು.

ಕೆಲಸದಿಂದ ತೆಗೆಯುವ ಸಂದರ್ಭ ಬಂದರೆ ಅವಸರವೇ ಶತ್ರು. ಹತ್ತಕ್ಕಿಂತ ಹೆಚ್ಚು ಜನರಿರುವಲ್ಲಿ, ಆರು ತಿಂಗಳು ದಾಟಿದ ನೌಕರರನ್ನು ತೆಗೆಯಲು ಕಾನೂನು ಒಪ್ಪುವ ಕಾರಣ ಬೇಕು. ನಡವಳಿಕೆಯ ದೂರಾದರೆ ಸಾಮಾನ್ಯವಾಗಿ ಮೊದಲು ಲಿಖಿತ ಎಚ್ಚರಿಕೆ ಕೊಟ್ಟಿರಬೇಕು, ಅದರಲ್ಲಿ ದಿನಾಂಕ, ಹೊತ್ತು, ನಡೆದದ್ದು ಏನೆಂಬುದು ಖಚಿತವಾಗಿರಬೇಕು; "ಪದೇ ಪದೇ ತಡವಾಗಿ ಬರುತ್ತಾರೆ" ಎಂದರೆ ನಿಲ್ಲುವುದಿಲ್ಲ. ಪ್ರತಿಯೊಂದು ವಜಾಕ್ಕೂ ಮುನ್ನ ಮಂಡಳಿಯ ಅಭಿಪ್ರಾಯ ಕೇಳಬೇಕು, ಉತ್ತರಿಸಲು ಅವರಿಗೆ ಸಾಮಾನ್ಯ ವಜಾಕ್ಕೆ ಒಂದು ವಾರ, ತಕ್ಷಣದ ವಜಾಕ್ಕೆ ಮೂರು ದಿನ. ಕೇಳದೆ ಕೊಟ್ಟ ವಜಾ ಪತ್ರ ಅಸಿಂಧು. ಇಮೇಲ್ ಅಥವಾ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದೂ ಅಸಿಂಧು, ಶಾಯಿಯ ಸಹಿ ಇರುವ ಕಾಗದವೇ ಕೈಸೇರಬೇಕು. ಪತ್ರ ಸಿಕ್ಕ ಮೂರು ವಾರದೊಳಗೆ ಅವರು ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬಹುದು. 20 ವರ್ಷ ಸೇವೆ ಮಾಡಿದವರಿಗೆ ಕಾನೂನಿನ ನೋಟಿಸ್ ಅವಧಿ ಏಳು ತಿಂಗಳು. ಆದ್ದರಿಂದ ಹೊಸಬರ ಆರು ತಿಂಗಳ ಪ್ರೊಬೇಷನ್ ಅವಧಿಯನ್ನು ಗಂಭೀರವಾಗಿ ಬಳಸಿ: ಮೂರನೆಯ ಮತ್ತು ಐದನೆಯ ತಿಂಗಳಲ್ಲಿ ಕೂತು ಮಾತಾಡಿ, ಬರೆದಿಡಿ.

ಇಷ್ಟು ಕೇಳಿದ ಮೇಲೆ ನಿಮ್ಮ ಕೆಲಸದ ಅತಿ ಕಷ್ಟದ ಭಾಗ ಜರ್ಮನಿಯಲ್ಲಿಲ್ಲ ಎಂಬುದು ಹೊಳೆದಿರಬೇಕು. ಅದು ಬೆಂಗಳೂರಿನಲ್ಲಿದೆ. "ಮಂಡಳಿ ಇನ್ನೂ ಒಪ್ಪಿಲ್ಲ" ಎಂದು ನೀವು ಹೇಳಿದಾಗ ಹೆಡ್ ಆಫೀಸಿಗೆ ಅದು ಕೈಲಾಗದವನ ಸಬೂಬಿನಂತೆ ಕೇಳುತ್ತದೆ. ಹೊಂದಿಕೊಂಡವರನ್ನು "ಇವನು ಅವರ ಕಡೆಯವನಾದ" ಎಂದು ಅನುಮಾನಿಸುವುದೂ ಉಂಟು. ಇದು ಅನ್ಯಾಯ, ಆದರೆ ಆಗುವಂಥದ್ದು, ಆದ್ದರಿಂದ ಹೊರಡುವ ಮೊದಲೇ ಕಟ್ಟೆ ಕಟ್ಟಿಕೊಳ್ಳಿ. ಎಂ.ಡಿ., ಹಣಕಾಸು, ಎಚ್‌ಆರ್, ಐಟಿ ನಾಲ್ವರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಒಂದು ಪುಟದ ಪಟ್ಟಿಗೆ ಒಪ್ಪಿಗೆ ಪಡೆಯಿರಿ: ಓ.ಟಿ.ಗೆ ಎಷ್ಟು ದಿನ ಮುಂಚೆ ಹೇಳಬೇಕು, ನೇಮಕಕ್ಕೆ ಎಷ್ಟು, ಸಾಫ್ಟ್‌ವೇರ್‌ಗೆ ಎಷ್ಟು, ಕಾರ್ಮಿಕ ಕಾನೂನಿನ ಸ್ಥಳೀಯ ವಕೀಲರಿಗೆ ವರ್ಷಕ್ಕೆ ಎಷ್ಟು ಹಣ, ಯಾವ ತೀರ್ಮಾನ ನಿಮ್ಮದು, ಯಾವುದು ಅವರದು. ಈ ಕೊನೆಯದನ್ನು ಮರೆಯಬೇಡಿ. ಪ್ರತಿಯೊಂದಕ್ಕೂ ಬೆಂಗಳೂರಿಗೆ ಫೋನ್ ಮಾಡುವ ಮುಖ್ಯಸ್ಥರ ಜೊತೆ ಮಂಡಳಿ ಒಪ್ಪಂದ ಮಾಡಿಕೊಳ್ಳಲು ಆಸಕ್ತಿ ತೋರುವುದಿಲ್ಲ.

ಮಾತಿಗೆ ಏನಾದರೂ ಎಳೆ ಬೇಕೆಂದರೆ ಒಂದಿದೆ. 1843ರಲ್ಲಿ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ "ಮಂಗಳೂರ ಸಮಾಚಾರ" ಹೊರಡಿಸಿದ ಹೆರ್ಮನ್ ಮೊಗ್ಲಿಂಗ್ ಹುಟ್ಟಿದ್ದು ಸ್ಟುಟ್‌ಗಾರ್ಟ್‌ನ ಉತ್ತರಕ್ಕಿರುವ ಬ್ರಾಕನ್‌ಹೈಮ್‌ನಲ್ಲಿ, ತೀರಿಕೊಂಡದ್ದು ಪಕ್ಕದ ಎಸ್ಲಿಂಗನ್‌ನಲ್ಲಿ. ಕನ್ನಡದ ಕೆಲಸಕ್ಕಾಗಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ 1858ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ಮೊದಲ ತ್ರೈಮಾಸಿಕ ನೌಕರರ ಸಭೆಯಲ್ಲಿ ನಿಮ್ಮ ಪರಿಚಯ ಹೇಳಿಕೊಳ್ಳುವಾಗ ಇದನ್ನು ನಾಲ್ಕು ಜರ್ಮನ್ ವಾಕ್ಯಗಳಲ್ಲಿ ಹೇಳಿ. ನಿಮ್ಮ ಹುಟ್ಟುಹಬ್ಬದ ದಿನ ಕೇಕ್ ತರಬೇಕಾದವರು ನೀವೇ ಎಂಬುದೂ ನೆನಪಿರಲಿ.

ಕೊನೆಯದಾಗಿ ಒಂದು ಎಚ್ಚರಿಕೆ. ನಿಮ್ಮನ್ನು ಬರೀ ಪ್ಲಾಂಟ್ ಹೆಡ್ ಆಗಿ ಕಳಿಸುತ್ತಿದ್ದಾರೋ, ಅಥವಾ ಕಂಪನಿ ರಿಜಿಸ್ಟರಿನಲ್ಲಿ ಗೆಶೆಫ್ಟ್ಸ್‌ಫ್ಯೂರರ್, ಅಂದರೆ ಕಂಪನಿಯ ಅಧಿಕೃತ ನಿರ್ದೇಶಕ, ಎಂದು ದಾಖಲಿಸುತ್ತಾರೋ ಎಂಬುದನ್ನು ಬರವಣಿಗೆಯಲ್ಲಿ ಕೇಳಿ. ಎರಡನೆಯದಾದರೆ ಹೊಣೆ ವೈಯಕ್ತಿಕ. ನೌಕರರ ಸಾಮಾಜಿಕ ವಿಮೆಯ ಕಂತು ಕಟ್ಟದಿದ್ದರೆ ಕ್ರಿಮಿನಲ್ ಮೊಕದ್ದಮೆ ನಿಮ್ಮ ಮೇಲೆ ಬರುತ್ತದೆ. ಕಂಪನಿ ಸಾಲ ತೀರಿಸಲಾಗದ ಸ್ಥಿತಿಗೆ ಬಂದರೆ ಹೆಚ್ಚೆಂದರೆ ಮೂರು ವಾರದೊಳಗೆ ದಿವಾಳಿ ಅರ್ಜಿ ಹಾಕಬೇಕಾದವರು ನೀವು, ಬೆಂಗಳೂರಿನಿಂದ ಹಣ ಬರುತ್ತದೆ ಎಂದು ಕಾಯುತ್ತ ಕೂರುವಂತಿಲ್ಲ. ನೋಟರಿ ಮುಂದೆ ಸಹಿ ಹಾಕುವ ಮೊದಲು ನಿಮ್ಮದೇ ವಕೀಲರಿಗೆ ಕಾಗದ ತೋರಿಸಿ, ಮತ್ತು ನಿರ್ದೇಶಕರ ಹೊಣೆಯ ವಿಮೆಯನ್ನು ಕಂಪನಿಯ ಖರ್ಚಿನಲ್ಲಿ ಮಾಡಿಸಿಕೊಳ್ಳಿ.